ಏಳು ವರ್ಷದ ಮನೆಮಾತು

ಆ ಊರಿನ ರೈಲು ನಿಲ್ದಾಣಕ್ಕೆ ಕಾಲಿಟ್ಟವರಿಗೆಲ್ಲ ಅನೌನ್ಸರಮ್ಮನ ದನಿ ಗೊತ್ತು, ಮುಖ ಗೊತ್ತಿಲ್ಲ. ಮೇಲೆ ಗಾಜಿನ ಕೋಣೆ, ಮುಂದೆ ಮೈಕು, ಪಕ್ಕದಲ್ಲಿ ಮುಚ್ಚಳವಿಟ್ಟ ನೀರಿನ ಲೋಟ, ಬೆನ್ನಿಗೊಂದು ದಿಂಬು. ಅಲ್ಲಿ ಕೂತು ಅವಳು ಯಾವ ಗಾಡಿ ಎಲ್ಲಿಗೆ ಬರುತ್ತದೆ, ಯಾವುದು ತಡ, ಯಾವುದು ಇವತ್ತು ಬರುವುದೇ ಇಲ್ಲ ಎಂದು ಹೇಳಿದರೆ, ರೈಲ್ವೆಯನ್ನು ಬೈಯಲು ಬಾಯಿ ತೆರೆದವರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಅಷ್ಟು ಚೆಂದದ ಮಾತು. ಒತ್ತು ಒತ್ತಾಗಿ, ದೀರ್ಘ ದೀರ್ಘವಾಗಿ. ಊರಿನ ಮೇಷ್ಟರು ಮಕ್ಕಳಿಗೆ ‘ಸ್ಟೇಷನ್ನಿನ ಅಮ್ಮ ಹೇಳೋ ಹಾಗೆ ಹೇಳು’ ಎಂದು ಗದರಿಸುತ್ತಿದ್ದರಂತೆ. ಆ ಮಾತು ಅವಳು ಹೆತ್ತಮ್ಮನಿಂದ ಕಲಿತದ್ದಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಅವಳೂ ಹೇಳಿಕೊಂಡು ತಿರುಗಿದವಳಲ್ಲ.

ಕತೆ ಹೇಳುವ ಅನುಕೂಲಕ್ಕೆ ಆ ಮಾತನ್ನು ಊರುಮಾತು ಎನ್ನೋಣ. ಅವಳು ಹುಟ್ಟಿದ ಮನೆಯಲ್ಲಿ ಆಡುತ್ತಿದ್ದದ್ದು ಬೇರೆ. ಅದನ್ನು ಮನೆಮಾತು ಎಂದರಾಯಿತು. ಹೆಸರುಗಳಿಂದ ನಮಗೇನಾಗಬೇಕು?

ಇಂಥ ಅನೌನ್ಸರಮ್ಮನಿಗೆ ಒಂದು ಸಂಜೆ ಅಕ್ಕನ ಫೋನು ಬಂತು. ಅಕ್ಕ ಇರುವುದು ಹುಟ್ಟಿದೂರಿನಲ್ಲೇ. ಅವಳಿಗೆ ಬರುವುದು ಮನೆಮಾತು ಒಂದೇ. ಅದೂ ತೊದಲು, ಮೊದಲ ಅಕ್ಷರ ಹಲ್ಲಿನ ಹಿಂದೆ ಸಿಕ್ಕಿಕೊಂಡು, ಒದ್ದಾಡಿ, ಆಮೇಲೆ ಹೊರಗೆ ಬರಬೇಕು.

“ಗಿಣಿ, ನಾ... ನಾನು ಬರ್ತಾ ಇದ್ದೀನಿ. ಭಾನುವಾರ. ಒಂದು ದಿನ ನಿನ್ನ ಹತ್ರ ಇದ್ದು, ಆಮೇಲೆ ಮಗಳ ಮನೆಗೆ.”

“ಬಾ ಅಕ್ಕ.”

“ಊ... ಊಟ ಆಯ್ತಾ?”

“ಆಯ್ತು. ನಿಂದು?”

“ಆಯ್ತು.”

ಅಷ್ಟೇ. ಫೋನು ಇಟ್ಟಾಯಿತು. ಮನೆಗೆ ಫೋನು ಬಂದಾಗಿನಿಂದ ಅಕ್ಕ ತಂಗಿಯರ ಮಾತುಕತೆ ಇದೇ ಗೂಟದ ಸುತ್ತ ಸುತ್ತುತ್ತಿತ್ತು. ಪಕ್ಕದಲ್ಲಿ ಕೂತ ಗಂಡ, ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟವನು, ಊರುಮಾತು ಬಿಟ್ಟರೆ ಬೇರೇನೂ ಬಾರದವನು, ಆ ನಾಲ್ಕು ಪದವನ್ನು ಮಾತ್ರ ಕೇಳಿ ಕೇಳಿಯೇ ಕಲಿತಿದ್ದ. “ಇಷ್ಟು ವರ್ಷದಲ್ಲಿ ನೀವಿಬ್ರೂ ಉಂಡದ್ದು ಬಿಟ್ರೆ ಬೇರೇನೂ ಆಗೇ ಇಲ್ವಾ?” ಎಂದು ರೇಗಿಸುತ್ತಿದ್ದ.

ಆಗಿರಲಿಲ್ಲವೇ? ಎಷ್ಟೋ ಆಗಿತ್ತು. ಹೇಳಲು ಪದ ಇರಲಿಲ್ಲ.

ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಿಲ್ಲಿನ ಹಿಂದೆ ಎರಡು ಕೋಣೆಯ ಮನೆ. ದಿನವಿಡೀ ಗರಗಸದ ಕಿರುಚಾಟ, ಮಾತಾಡಬೇಕೆಂದರೆ ಕೂಗಬೇಕು. ಹಾಗಾಗಿ ಚಿಕ್ಕವಳ, ಅಂದರೆ ಗಿಣಿಯ, ಗಂಟಲು ಚಿಕ್ಕಂದಿನಲ್ಲೇ ಗಟ್ಟಿಯಾಯಿತು. ಮಿಲ್ಲಿನ ಪಕ್ಕದಲ್ಲಿ ಮರದ ಹೊಟ್ಟಿನ ದಿಬ್ಬ. ಅಕ್ಕ ತಂಗಿ ಇಬ್ಬರೂ ಅದರಲ್ಲಿ ಗುಳಿ ತೋಡಿ ಮನೆ ಮಾಡುತ್ತಿದ್ದರು. ಬೆಳಿಗ್ಗೆ ಬಿಸಿಲು ಬಿದ್ದಾಗ ಹೊಟ್ಟು ಬೆಚ್ಚಗೆ, ಕೈ ಒಳಗೆ ಹಾಕಿದರೆ ತಣ್ಣಗೆ. ಕೈಕೆಲಸವೆಲ್ಲ ಅಕ್ಕನದು, ಮಾತೆಲ್ಲ ಗಿಣಿಯದು. ಅಂಗಡಿಯವಳೂ ಅವಳೇ, ಗಿರಾಕಿಯೂ ಅವಳೇ, ಡಾಕ್ಟರೂ ಅವಳೇ. ಸಂಜೆ ಅಮ್ಮ ಬಾಗಿಲಲ್ಲಿ ಕೂತು ಇಬ್ಬರ ತಲೆಯಿಂದಲೂ ಹೊಟ್ಟು ಬಾಚಿ ತೆಗೆಯುತ್ತಿದ್ದಳು. ಬಾಚಣಿಗೆ ಜಗ್ಗಿದಾಗ ಅಕ್ಕ ಹಲ್ಲು ಕಚ್ಚುತ್ತಿದ್ದಳು, ಗಿಣಿ ಬೀದಿಗೆಲ್ಲ ಕೇಳುವಂತೆ ಚೀರುತ್ತಿದ್ದಳು. ಈಗಲೂ ಎಲ್ಲಾದರೂ ಬಡಗಿ ಕೆಲಸ ನಡೆದಿದ್ದರೆ ಅನೌನ್ಸರಮ್ಮ ಅಲ್ಲಿ ಕಾರಣವಿಲ್ಲದೆ ನಿಲ್ಲುತ್ತಾಳೆ. ಮೂಗಿಗೆ ಆ ವಾಸನೆ ಬಿದ್ದರೆ ಸಾಕು, ಕಾಲು ಮುಂದಕ್ಕೆ ಹೋಗುವುದಿಲ್ಲ.

ಒಂದು ದಿನ ಗರಗಸ ಅಪ್ಪನ ಕೈ ಹಿಡಿಯಿತು. ಬೆರಳು ಹೋದ ಮೇಲೆ ಮಿಲ್ಲಿನವರಿಗೆ ಅವನು ಬೇಡವಾದ. ಆಗ ದೂರದ ಊರಿನಿಂದ ಸೋದರಮಾವ ಬಂದ. ಅವನಿಗೆ ಮಕ್ಕಳಿರಲಿಲ್ಲ. ಹಿಂದಕ್ಕೆ ಹೊರಟಾಗ ಗಿಣಿಯ ಕೈ ಅವನ ಕೈಯಲ್ಲಿತ್ತು. ಅವಳಿಗಾಗ ಏಳು ವರ್ಷ.

ಹೊಸ ಊರಿನ ಶಾಲೆಯಲ್ಲಿ ಮೊದಲ ದಿನ ಅವಳು ಎದ್ದುನಿಂತು ತನ್ನ ಮಾತಿನಲ್ಲಿ ನೀರು ಕೇಳಿದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಂದು ಬಾಯಿ ಮುಚ್ಚಿದವಳು ತಿಂಗಳುಗಟ್ಟಲೆ ತೆರೆಯಲಿಲ್ಲ. ಮಾವ ಹೆದರಿಹೋದ, ಇಷ್ಟು ಮಾತಾಡುತ್ತಿದ್ದ ಹುಡುಗಿ ಮೂಗಿಯಾದಳೇ ಎಂದು ದೇವರಿಗೂ ಡಾಕ್ಟರಿಗೂ ತೋರಿಸಿದ. ಅವಳೋ ಒಳಗೊಳಗೇ ಒಂದೊಂದು ಪದವನ್ನೂ ತಿರುವಿ ನೋಡುತ್ತಿದ್ದಳು, ಬಾಯಿ ಬಿಟ್ಟರೆ ಯಾರೂ ನಗಬಾರದು ಎಂಬ ಹಟದಿಂದ. ಒಂದು ದಿನ ಅತ್ತೆ ಹಾಲು ಕೊಟ್ಟಾಗ, “ಇದಕ್ಕೆ ಸಕ್ಕರೆ ಹಾಕೋದು ಮರೆತಿದ್ದೀರಿ” ಎಂದು ಒಂದು ತಪ್ಪಿಲ್ಲದೆ ಹೇಳಿದಳು. ಅತ್ತೆಯ ಕೈಯಿಂದ ಚಮಚ ಬಿತ್ತು. ಆ ಮನೆಯಲ್ಲಿ ಅತ್ತೆಗೆ ಮನೆಮಾತು ಬಾರದು. ಮಾವನಾದರೂ ಆಡಬಹುದಿತ್ತು, ಆದರೆ ಶಾಲೆಯ ಮೇಷ್ಟರು ಅವನನ್ನು ಕರೆಸಿ, ಎರಡು ಮಾತು ಬೆರೆಸಬೇಡಿ, ಮಗು ಎರಡು ಕಡೆಯಿಂದಲೂ ಕೆಡುತ್ತದೆ ಎಂದುಬಿಟ್ಟಿದ್ದರು. ಆ ಮಹಾನುಭಾವರು ಈಗ ಸಿಕ್ಕಿದ್ದರೆ ನಾಲ್ಕು ಮಾತು ಕೇಳಬಹುದಿತ್ತು. ಪುಣ್ಯವಂತರು, ಸಿಕ್ಕುವುದಿಲ್ಲ.

ಹಾಗೆ ಮನೆಮಾತು ಏಳಕ್ಕೆ ನಿಂತಿತು. ಸತ್ತಿತು ಎನ್ನುವ ಹಾಗಿಲ್ಲ. ಯಾರಾದರೂ ಆಡಿದರೆ ಅವಳಿಗೆ ಎಲ್ಲ ತಿಳಿಯುತ್ತದೆ, ತಾನು ಆಡಲು ಹೊರಟರೆ ಮಾತ್ರ ಊರುಮಾತಿನ ಪದಗಳು ಬಾಗಿಲಿಗೆ ಅಡ್ಡ ನಿಲ್ಲುತ್ತವೆ. ಗಾಡಿ ಎಷ್ಟು ತಡ ಎಂದು ಮನಸ್ಸಿನಲ್ಲೇ ಕೂಡಿಸುವಾಗ ಲೆಕ್ಕ ನಡೆಯುವುದು ಮನೆಮಾತಿನಲ್ಲಿ. ಮೈಕಿನ ಗುಂಡಿ ಒತ್ತಿದ ಮೇಲೆ ಊರುಮಾತು. ಬಿಸಿ ಪಾತ್ರೆ ಕೈಗೆ ತಾಗಿದರೆ ಬಾಯಿಂದ ಬರುವ ಕೂಗು ಮನೆಮಾತಿನದು. ಬೆಕ್ಕನ್ನು ಮುದ್ದು ಮಾಡುವುದೂ ಅದರಲ್ಲೇ. “ನಿನ್ನ ಭಾಷೆ ನನಗಿಂತ ಬೆಕ್ಕಿಗೇ ಚೆನ್ನಾಗಿ ಬರುತ್ತೆ” ಎಂದು ಗಂಡ ದೂರುತ್ತಿದ್ದ. ಬೆಕ್ಕಿನ ಜೊತೆ ಆಡುವುದಕ್ಕೆ ಏಳು ವರ್ಷದ ಮಾತು ಧಾರಾಳವಾಗಿ ಸಾಕು.

ಮನುಷ್ಯರ ಜೊತೆ ಸಾಲದು. ಅದು ಅಕ್ಕನ ಮದುವೆಯಲ್ಲಿ ಗೊತ್ತಾಯಿತು. ಹದಿನೈದರ ಹುಡುಗಿ, ಬಾಗಿಲೆತ್ತರ ಬೆಳೆದವಳು, ಸಂಭ್ರಮದಿಂದ ಓಡಾಡುತ್ತ ಮದುಮಗನ ಅಪ್ಪನ ಎದುರು ನಿಂತು, “ನೀನ್ಯಾರು? ನಿಂಗೆ ಇಷ್ಟು ದೊಡ್ಡ ಮೀಸೆ ಯಾಕೆ?” ಎಂದುಬಿಟ್ಟಳು. ಮಕ್ಕಳ ಬಾಯಲ್ಲಿ ಎಲ್ಲರೂ ‘ನೀನು’ ತಾನೇ? ದೊಡ್ಡವರಿಗೆ ಆಡುವ ಮಾತನ್ನು ಕಲಿಯುವ ವಯಸ್ಸು ಬರುವ ಮುಂಚೆಯೇ ಅವಳು ಗಾಡಿ ಹತ್ತಿದ್ದಳು. ನೆಂಟರು ನಕ್ಕರು, ಅಮ್ಮ ತಲೆ ತಗ್ಗಿಸಿದಳು. ಗಿಣಿ ಮದುವೆ ಮುಗಿಯುವ ತನಕ ಬಾಯಿಗೆ ಬೀಗ ಹಾಕಿಕೊಂಡು ಬರೀ ನಕ್ಕಳು. ಆಮೇಲೆ ಹೋದದ್ದು ಅಮ್ಮ ತೀರಿಕೊಂಡಾಗ. ಅಲ್ಲಿ ಅಳುವುದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಆದರೆ ಒಂದು ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಇಬ್ಬರಿದ್ದೆವು. ನನ್ನನ್ನೇ ಯಾಕೆ ಕೊಟ್ಟರು? ಅಕ್ಕ ದೊಡ್ಡವಳು, ಮಾವನ ಮನೆಯ ಕೆಲಸಕ್ಕೂ ಆಗುತ್ತಿದ್ದಳು. ಅವಳನ್ನು ಇಟ್ಟುಕೊಂಡು ನನ್ನನ್ನು ಕಳಿಸಿದರೆಂದರೆ ನಾನು ಬೇಡವಾದವಳು ಎಂದಲ್ಲದೆ ಮತ್ತೇನು? ಅಪ್ಪ, ಅಮ್ಮ, ಮಾವ ಮೂವರೂ ಹೋಗಿಯಾಗಿದೆ. ಉತ್ತರ ಬಲ್ಲವಳು ಅಕ್ಕ ಒಬ್ಬಳೇ, ಅವಳಿಗೂ ವಯಸ್ಸಾಯಿತು. ಈ ಭಾನುವಾರ ಕೇಳದಿದ್ದರೆ ಇನ್ನು ಯಾವಾಗ?

ಕೇಳುವುದಾದರೆ ಮರ್ಯಾದೆಯಾಗಿ ಕೇಳಬೇಕು ಎಂದು ನಿಶ್ಚಯಿಸಿದಳು. ಇಡೀ ಊರಿಗೆ ಮಾತು ಕಲಿಸಿದವಳು ಅಕ್ಕನ ಮುಂದೆ ಎಳೆ ಮಗುವಿನಂತೆ ಗೋಳಾಡುವುದೇ? ಊರುಮಾತಿನಲ್ಲಿ ವಾಕ್ಯ ಸಿದ್ಧವಾಯಿತು: ‘ಅಕ್ಕ, ಆಗಿನ ಪರಿಸ್ಥಿತಿಯಲ್ಲಿ ಅಮ್ಮ ಆ ನಿರ್ಧಾರ ತೆಗೆದುಕೊಳ್ಳಲು ಕಾರಣವೇನು? ನನಗೆ ಯಾರ ಮೇಲೂ ಅಸಮಾಧಾನವಿಲ್ಲ.’ ಮೈಕಿನಲ್ಲಿ ಓದಬಹುದಾದಂಥ ವಾಕ್ಯ. ಇನ್ನು ಅದನ್ನು ಮನೆಮಾತಿಗೆ ಹೊರಳಿಸಬೇಕಷ್ಟೆ. ಪರಿಸ್ಥಿತಿಗೆ ಏನೆನ್ನುತ್ತಾರೆ? ಅವಳಿಗೆ ಗೊತ್ತಿಲ್ಲ. ನಿರ್ಧಾರಕ್ಕೆ? ಅದೂ ಇಲ್ಲ. ಅಸಮಾಧಾನ? ಏಳು ವರ್ಷದವರಿಗೆ ಅಸಮಾಧಾನ ಇರುವುದಿಲ್ಲ, ಸಿಟ್ಟು ಇರುತ್ತದೆ. ಜರಡಿ ಹಿಡಿದು ನೋಡಿದರೆ ಕೊನೆಗೆ ಉಳಿದದ್ದು ಅಕ್ಕ, ಅಮ್ಮ, ನಾನು, ಯಾಕೆ, ಇಷ್ಟೇ.

ಗಂಡ ಅಕ್ಕನ ಪಾತ್ರ ವಹಿಸಲು ಮುಂದಾದ. ಕುರ್ಚಿಯಲ್ಲಿ ಗಂಭೀರವಾಗಿ ಕೂತು, ಒಂದಕ್ಷರ ತಿಳಿಯದಿದ್ದರೂ ತಲೆದೂಗಿದ. ಅವಳು ಮೊದಲ ಪದಕ್ಕೇ ತಡವರಿಸಿ ನಿಂತಳು.

“ಬಿಡು,” ಎಂದ ಗಂಡ. “ನನ್ನಂಗಡೀಲಿ ಅಕ್ಷರದ ಬೋರ್ಡು ಓದಿಸ್ತೀನಲ್ಲ, ಎಲ್ರಿಗೂ ಕೆಳಗಿನ ಸಾಲು ಓದೋ ಹಟ. ಕಾಣ್ದಿದ್ರೆ ಕಾಣಲ್ಲ ಅನ್ನೋದಪ್ಪ. ಮೇಲಿನ ದೊಡ್ಡಕ್ಷರ ಓದಿದ್ರೂ ಕಣ್ಣಿದೆ ಅಂತ ನಂಗೆ ಗೊತ್ತಾಗುತ್ತೆ.”

“ನಿಮ್ಮ ಕನ್ನಡಕದ ವೇದಾಂತ ಅಂಗಡೀಲಿ ಇಟ್ಕೊಳ್ಳಿ,” ಎಂದಳು. ಅವನು ನಕ್ಕು ಎದ್ದುಹೋದ. ಅವಳು ಅಡಿಗೆಮನೆಯಲ್ಲಿ ಬೆಕ್ಕಿನ ಮುಂದೆ ಕೂತು ಮತ್ತೊಮ್ಮೆ ಪ್ರಯತ್ನಿಸಿದಳು.

ಭಾನುವಾರ ರಜೆ ಹಾಕಿ, ಒಳ್ಳೆಯ ಸೀರೆಯುಟ್ಟು, ಗಾಜಿನ ಕೋಣೆಯಲ್ಲಲ್ಲದೆ ಎಲ್ಲರಂತೆ ಪ್ಲಾಟ್‌ಫಾರ್ಮಿನ ಮೇಲೆ ನಿಂತಳು. ಪಕ್ಕದಲ್ಲಿ ಗಂಡ. ಗಾಡಿ ಬಂತು. ಅಕ್ಕ ಇಳಿದಳು: ಸಣಕಲು ಮೈ, ಪೂರ್ತಿ ಬೆಳ್ಳಗಾದ ತಲೆ, ಹೆಗಲಲ್ಲಿ ಬಟ್ಟೆಯ ಚೀಲ. ಅನೌನ್ಸರಮ್ಮ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಅಕ್ಕ ಚೀಲ ಕೆಳಗಿಟ್ಟು, ಪದ್ಯ ಒಪ್ಪಿಸುವ ಹುಡುಗಿಯ ಹಾಗೆ ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಂತಳು. ಬಾಯಿ ತೆರೆದಳು. ಬಂದದ್ದು ಊರುಮಾತು.

“ಪ್ರಿಯ ಸಹೋದರಿಯೇ, ನಿಮ್ಮನ್ನು ಭೇಟಿಯಾಗಿ ನನಗೆ ಅತ್ಯಂತ ಸಂತೋಷವಾಗಿದೆ. ನನ್ನ ಪ್ರಯಾಣವು ಸುಖಕರವಾಗಿತ್ತು. ನೀವು ಆರೋಗ್ಯವಾಗಿದ್ದೀರಾ?”

ಒಂದು ಕಡೆಯೂ ತೊದಲಲಿಲ್ಲ. ಅನೌನ್ಸರಮ್ಮನಿಗೆ ತಲೆ ಗಿರ್ರೆಂದಿತು. ಕಷ್ಟಪಟ್ಟು ಕಟ್ಟಿದ್ದ ಸ್ವಾಗತದ ಮಾತು ಎಲ್ಲಿ ಹಾರಿಹೋಯಿತೋ. ಊರಿನಿಂದ ಬಂದವರು, ಹೆಗಲಲ್ಲಿ ಚೀಲ, ಮುಖದಲ್ಲಿ ನಗು. ಇದನ್ನು ಕಂಡಾಗ ಆಡಬೇಕಾದ ಒಂದೇ ಒಂದು ಮಾತು ಅವಳ ಮನೆಮಾತಿನಲ್ಲಿ ಉಳಿದಿತ್ತು. ಅದೇ ತಡೆಯಿಲ್ಲದೆ ಹೊರಗೆ ಬಂತು.

“ಅಕ್ಕಾ, ನಂಗೇನ್ ತಂದೆ?”

ಅಕ್ಕ ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಅಲ್ಲೇ ಚೀಲ ಬಿಚ್ಚಿ, ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದು ತಂಗಿಯ ಕೈಗಿಟ್ಟಳು. ತಂಗಿ ಅದನ್ನು ಎದೆಗೊತ್ತಿಕೊಂಡು ನಿಂತಳು. ಹಮಾಲಿಗಳು ಸುತ್ತಿ ಬಳಸಿ ಹೋಗಬೇಕಾಯಿತು.

ಅಂದು ಬೆಳಿಗ್ಗೆಯೆಲ್ಲ ಮನೆಯಲ್ಲಿ ಹಬ್ಬ. ಅದರ ಪೂರ್ತಿ ಲಾಭ ಸಿಕ್ಕಿದ್ದು ಗಂಡನಿಗೆ. ನೆಂಟಸ್ತಿಕೆ ಶುರುವಾದಾಗಿನಿಂದ ತಲೆಯಾಡಿಸಿ ನಗುವುದು ಬಿಟ್ಟರೆ ಹೆಂಡತಿಯ ಅಕ್ಕನೊಡನೆ ಬೇರೇನೂ ಮಾಡಿ ಅರಿಯದವನು ಈಗ ಪಟ್ಟಾಂಗ ಹೊಡೆಯುತ್ತಿದ್ದ.

“ತಮ್ಮ ಉದ್ಯೋಗ ಯಾವುದು?” ಅಕ್ಕ ಕೇಳಿದಳು.

“ನಾನು ಕನ್ನಡಕಗಳನ್ನು ಮಾರುತ್ತೇನೆ,” ಎಂದ ಗಂಡ, ಅವಳದೇ ಧಾಟಿಯಲ್ಲಿ.

“ಬಹಳ ಒಳ್ಳೆಯದು. ಈ ಕುರ್ಚಿಯು ನಿಮ್ಮದೇ?”

“ಹೌದು, ಈ ಕುರ್ಚಿಯು ನಮ್ಮದು. ಆ ಬೆಕ್ಕು ಕೂಡ ನಮ್ಮದು.”

“ಬೆಕ್ಕು ಮೇಜಿನ ಕೆಳಗೆ ಇದೆ,” ಎಂದು ಅಕ್ಕ ಖಚಿತವಾಗಿ ಹೇಳಿದಳು. ಬೆಕ್ಕು ನಿಜಕ್ಕೂ ಮೇಜಿನ ಕೆಳಗೇ ಇತ್ತು. ಗಂಡ ಇನ್ನೇನೋ ಪುಸ್ತಕದಲ್ಲಿಲ್ಲದ್ದನ್ನು ಕೇಳಿದಾಗ ಮಾತ್ರ ಅವಳು ಮುಗುಳ್ನಕ್ಕು, “ದಯವಿಟ್ಟು ನಿಧಾನವಾಗಿ ಹೇಳಿರಿ” ಎನ್ನುತ್ತಿದ್ದಳು. ನಿಧಾನವಾಗಿ ಹೇಳಿದರೂ ತಿಳಿಯದಿದ್ದರೆ, “ಹೌದು, ಹೌದು.” ಅವನು ಅಂಗಡಿಯ ಬೀಗ ತೆಗೆಯಲು ಹೊರಟಾಗ ಅವಳು ಬಾಗಿಲ ತನಕ ಹೋಗಿ, “ಶುಭ ಪ್ರಯಾಣ” ಎಂದು ಹರಸಿದಳು. ಅಂಗಡಿ ಇರುವುದು ಮುಂದಿನ ಬೀದಿಯಲ್ಲಿ.

ಮನೆಯಲ್ಲಿ ಇಬ್ಬರೇ ಉಳಿದರು. ಅಡಿಗೆಮನೆಯ ನೆಲದ ಮೇಲೆ ಕೂತು ಬಟಾಣಿ ಸುಲಿಯತೊಡಗಿದರು. ಈಗ ಅಕ್ಕ ಮನೆಮಾತಿಗೆ ಬಂದಳು. ಬಂದ ಕೂಡಲೇ ತೊದಲೂ ಬಂತು. ಅದನ್ನು ಕೇಳಿ ಅನೌನ್ಸರಮ್ಮನಿಗೆ ಎದೆ ಹಗುರಾಯಿತು. ಬೆಳಗಿನಿಂದ ಇವಳು ಯಾರೋ ಎನ್ನಿಸುತ್ತಿದ್ದವಳು ಈಗ ಅಕ್ಕನಾದಳು. ಹೊಟ್ಟಿನ ಗುಳಿಯಲ್ಲಿ ಪಕ್ಕಕ್ಕೆ ಕೂತು ಒಂದೊಂದು ಪದಕ್ಕೂ ಒದ್ದಾಡುತ್ತಿದ್ದ ಹುಡುಗಿಯ ದನಿ ಅದೇ, ಸ್ವಲ್ಪ ಒಡೆದಿದೆ ಅಷ್ಟೇ.

“ನೀನು ಯಾಕೆ ಕಲಿತೆ ಇದನ್ನ?” ಅನೌನ್ಸರಮ್ಮ ಮನೆಮಾತಿನಲ್ಲಿ ಕೇಳಿದಳು. ಇಂಥ ಚಿಕ್ಕ ಪ್ರಶ್ನೆಗಳು ಅವಳಿಗೂ ಬರುತ್ತಿದ್ದವು.

“ಪ... ಪಕ್ಕದ ಮನೆಗೆ ನಿನ್ನೂರಿನ ಟೀಚರಮ್ಮ ಒಬ್ಬರು ಬಂದ್ರು. ರಿಟೈರ್ ಆದವರು. ಹೊತ್ತು ಹೋಗಲ್ಲ ಅಂತಿದ್ರು. ದಿನಾ ಸಂಜೆ ಹೋಗಿ ಕೂತೆ. ನನ್ನ ಹ... ಹಣೆಬರಹ, ಒಂದು ವಾಕ್ಯ ಬಾಯಿಗೆ ಹತ್ತೋಕೆ ವಾರ ಹಿಡೀತಿತ್ತು. ಆದ್ರೆ ಬಾಯಿಪಾಠ ಮಾಡಿದ್ದು ತೊದಲೋದಿಲ್ಲ ನೋಡು. ಅದೇ ಒಂದು ಖುಷಿ.”

“ಆದ್ರೆ ಯಾಕೆ?”

ಅಕ್ಕ ಒಂದು ಬಟಾಣಿ ಸಿಪ್ಪೆಯನ್ನು ಸುಮ್ಮನೆ ಸೀಳುತ್ತ ಕೂತಳು. “ನಂಗೆ ಗೊತ್ತಿರೋ ಗಿಣಿ ಏ... ಏಳು ವರ್ಷದವಳು. ಫೋನಲ್ಲೂ ಅವಳೇ ಸಿಗ್ತಿದ್ದಳು. ದೊ... ದೊಡ್ಡವಳಾದ ಗಿಣಿ ಇದ್ದಾಳಲ್ಲ, ಕೆಲಸಕ್ಕೆ ಹೋಗೋಳು, ಸಂಸಾರ ಮಾಡೋಳು, ಅವಳು ಇರೋದು ಆ ಮಾತಿನ ಒಳಗೆ. ಅವಳನ್ನೂ ಒಂದ್ಸಲ ನೋಡಿ ಹೋಗೋಣ ಅನ್ನಿಸ್ತು.”

ಇಷ್ಟು ದೂರ, ಈ ವಯಸ್ಸಿನಲ್ಲಿ, ಆ ನಾಲಿಗೆ ಹೊತ್ತುಕೊಂಡು ಅಕ್ಕ ತನ್ನ ಬಾಗಿಲಿಗೆ ಬಂದಿದ್ದಾಳೆ. ದೊಡ್ಡವಳನ್ನು ನೋಡಬೇಕಂತೆ. ಸರಿ, ದೊಡ್ಡವಳ ಹಾಗೆಯೇ ಕೇಳೋಣ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿ, ಮೈಕಿನ ಮುಂದೆ ಕೂತ ದನಿಯಲ್ಲಿ, ಊರುಮಾತಿನಲ್ಲಿ, ಬಿಡಿಸಿ ಬಿಡಿಸಿ ಹೇಳಿದಳು:

“ಅಕ್ಕ, ಆಗಿನ ಪರಿಸ್ಥಿತಿಯಲ್ಲಿ ಅಮ್ಮ ಆ ನಿರ್ಧಾರ ತೆಗೆದುಕೊಳ್ಳಲು ಕಾರಣವೇನು?”

ಅಕ್ಕ ಕತ್ತು ಓರೆ ಮಾಡಿ ಕೇಳಿದಳು. ಹಣೆ ಗಂಟಿಕ್ಕಿತು. “ದಯವಿಟ್ಟು ಇನ್ನೊಮ್ಮೆ ಹೇಳಿರಿ.”

ಅವಳು ಇನ್ನೊಮ್ಮೆ ಹೇಳಿದಳು. ಈ ಸಲ ಅಕ್ಕನ ಮುಖ ಬೆಳಗಿತು. ಒಂದು ಪದ ಗುರುತು ಸಿಕ್ಕಿತ್ತು.

“ಇಂದು ಹವಾಮಾನದ ಪರಿಸ್ಥಿತಿಯು ಉತ್ತಮವಾಗಿದೆ,” ಎಂದು ಹೆಮ್ಮೆಯಿಂದ ಉತ್ತರಿಸಿದಳು. “ನಾಳೆ ಮೋಡ ಕವಿದ ವಾತಾವರಣವಿರುತ್ತದೆ.”

ನಗಬೇಕಿತ್ತು. ಬೇರೆ ಯಾವಾಗಲಾದರೂ ಆಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅವಳ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಾದು, ಇಷ್ಟು ದಿನ ತಾಲೀಮು ಮಾಡಿ, ಮೈಕಿಗೆ ಒಪ್ಪುವ ಮಾತು ಕಟ್ಟಿ, ಕೊನೆಗೆ ಸಿಕ್ಕಿದ್ದು ನಾಳೆಯ ಮೋಡ. ಕೈಯಲ್ಲಿದ್ದ ಬಟಾಣಿಯನ್ನು ಪಾತ್ರೆಗೆ ಎಸೆದಳು. ನಾಲ್ಕು ಕಾಳು ನೆಲಕ್ಕೆ ಹಾರಿದವು. ಆಮೇಲೆ ಬಾಯಿಂದ ಬಂದದ್ದನ್ನು ಅವಳು ಕಟ್ಟಿರಲಿಲ್ಲ.

“ನನ್ನೇ ಯಾಕೆ ಕೊಟ್ಬಿಟ್ರಿ? ನಾನೇನ್ ಮಾಡಿದ್ದೆ?”

ದನಿಯೂ ಅವಳದಲ್ಲ. ಸಣ್ಣದು, ಮೂಗಿನಿಂದ ಬಂದದ್ದು, ಕೊನೆಯಲ್ಲಿ ಎಳೆದದ್ದು. ಅದನ್ನು ಕೇಳಿ ಅವಳಿಗೇ ಭಯವಾಯಿತು. ಅಕ್ಕನ ಕೈ ನಿಂತಿತು. ಅವಳ ಕಣ್ಣಿಗೆ ಕಂಡದ್ದು ಅರವತ್ತರ ಹತ್ತಿರದ ತಂಗಿಯಲ್ಲ, ಏಳರ ಗಿಣಿ. ಮುಂದಕ್ಕೆ ಸರಿದು, ಮಗುವಿಗೆ ಹೇಳುವ ಹಾಗೆ, ಅವಳ ಎರಡೂ ಕೈ ಹಿಡಿದುಕೊಂಡಳು.

“ನೀ... ನೀನು ಏನೂ ಮಾಡಿರಲಿಲ್ಲ ಕಂದ. ಏನೂ ಮಾಡಿರಲಿಲ್ಲ. ಮಾವ ಕೇಳಿದ್ದು ನನ್ನ. ದೊಡ್ಡವಳನ್ನ ಕಳ್ಸು ಅಂದ. ಅಮ್ಮ ಒ... ಒಪ್ಪಲಿಲ್ಲ. ಬಾಗಿಲ ಹಿಂದೆ ನಿಂತು ನಾನು ಕೇಳ್ಕೊಂಡೆ. ‘ಇವಳ ಮಾತು ಹೆತ್ತ ನಂಗೇ ಅರ್ಥ ಆಗೋಕೆ ಹೊತ್ತು ಹಿಡಿಯುತ್ತೆ, ಅಲ್ಲಿ ಬೇರೆ ಭಾಷೆ, ಇವಳು ಬಾಯಿ ತೆರೆಯೋ ತನಕ ಯಾರು ಕಾ... ಕಾಯ್ತಾರೆ? ಹಸಿವು ಅಂತ ಹೇಳೋಕೂ ಆಗದೆ ಸತ್ತುಹೋಗ್ತಾಳೆ’ ಅಂದ್ಳು. ‘ಚಿಕ್ಕವಳನ್ನ ಕರ್ಕೊಂಡು ಹೋಗು, ಅವಳು ಕಲ್ಲನ್ನೂ ಮಾತಾಡಿಸ್ತಾಳೆ, ಎಲ್ಲಿ ಬಿಟ್ರೂ ಬದುಕ್ತಾಳೆ’ ಅಂದ್ಳು. ಹಂಗಂದು ಅ... ಅತ್ತಳು.”

ಹಾಗಾದರೆ ತಾನು ಬೇಡವಾದವಳಲ್ಲ. ಇಷ್ಟು ವರ್ಷ ಹೊತ್ತ ಮುಳ್ಳು ಮುಳ್ಳೇ ಅಲ್ಲ. ಹಾಗೆಂದು ನೋವು ಹೋಯಿತೇ? ಹೋಗಲಿಲ್ಲ; ಅದು ಜಾಗ ಬದಲಾಯಿಸಿತು. ಮಾತು ಬರುತ್ತದೆಂದು ಮನೆಯಿಂದ ಹೊರಗೆ ಹಾಕಿದರು, ಹೊರಗೆ ಹಾಕಿದ್ದಕ್ಕೆ ಆ ಮಾತೇ ಹೋಯಿತು. ಇದಕ್ಕೆ ಏನೆನ್ನಬೇಕು? ಊರುಮಾತಿನಲ್ಲಾದರೆ ವಿಪರ್ಯಾಸ ಎನ್ನಬಹುದಿತ್ತು, ಇನ್ನೂ ನಾಲ್ಕು ತೂಕದ ಪದ ಹಾಕಬಹುದಿತ್ತು. ಅವಳ ಹತ್ತಿರ ಈಗಿದ್ದದ್ದು ಹೊಟ್ಟಿನ ದಿಬ್ಬದ ಮಾತು. ತುಟಿ ಮುಂದಕ್ಕೆ ಚಾಚಿ ಅದನ್ನೇ ಆಡಿದಳು.

“ಇದು ಮೋಸ. ನಾನು ಆಟಕ್ಕಿಲ್ಲ. ನಿಮ್ಮೆಲ್ರ ಜೊತೆ ಠೂ.”

ಅಕ್ಕ ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿಯೂ ನಕ್ಕಳು. ಆಮೇಲೆ ಇಬ್ಬರೂ ಅಳುವುದಕ್ಕೆ ಶುರು ಮಾಡಿದರು; ಬೆಕ್ಕು ಹೆದರಿ ಹಿತ್ತಿಲಿಗೆ ಓಡಿತು. ಬಹಳ ಹೊತ್ತಿನ ಮೇಲೆ ಅನೌನ್ಸರಮ್ಮ ಅಕ್ಕನ ಮಡಿಲಲ್ಲಿ ಮುಖವಿಟ್ಟು ಅಂದಳು, “ಅಮ್ಮಂಗೆ ಗೊತ್ತೇ ಆಗ್ಲಿಲ್ಲ. ನಂಗೆ ಮಾತು ಬರಲ್ವೇ ಅಕ್ಕ. ಮರೆತುಹೋಯ್ತು.”

“ಯಾ... ಯಾರಂದ್ರು? ಏಳು ವರ್ಷದ್ದು ಪೂರ್ತಿ ಇದೆ, ಒಂದೂ ಬಿಟ್ಟಿಲ್ಲ. ಎಂಟರಿಂದ ಮುಂದಕ್ಕೆ ಇಲ್ಲ, ಅಷ್ಟೇ. ನೀನಿಲ್ಲದಾಗ ಮನೇಲಿ ಏನೇನಾಯ್ತು ಅಂತ ಒಂದೊಂದು ವರ್ಷದ್ದೂ ಹೇಳ್ತೀನಿ. ನನ್ನ ಹಿಂದೇನೇ ಹೇಳ್ತಾ ಬಾ. ಮಾತೂ ಬರುತ್ತೆ, ಸುದ್ದಿಯೂ ಸಿಗುತ್ತೆ. ನಾನು ತೊ... ತೊದಲ್ತೀನಿ, ನೀನು ತಡವರಿಸ್ತೀಯ. ಒಳ್ಳೇ ಜೋಡಿ.”

ಸಂಜೆ ಅಂಗಡಿ ಮುಚ್ಚಿ ಬಂದ ಗಂಡ ಇಬ್ಬರ ಊದಿದ ಕಣ್ಣು ನೋಡಿದ. ನೆಲದ ಮೇಲಿದ್ದ ಬಟಾಣಿ ಕಾಳು ಆರಿಸಿ ಪಾತ್ರೆಗೆ ಹಾಕಿದ. “ಬಟಾಣಿಯು ಹಸಿರಾಗಿದೆ,” ಎಂದ, ಅಕ್ಕನಿಗೆ ತಿಳಿಯುವ ಹಾಗೆ. ಮರುದಿನ ಬೆಳಿಗ್ಗೆ ಅಕ್ಕ ಮಗಳ ಊರಿನ ಗಾಡಿ ಹತ್ತಿದಳು.

ಮುಂದಿನ ಭಾನುವಾರ ಫೋನು ಬಂತು. ಅನೌನ್ಸರಮ್ಮ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕಾಲು ಮಡಿಸಿ ಕೂತಳು. ಈ ಸಲ ಊಟದ ಸುದ್ದಿ ಎತ್ತಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

“ಎಂ... ಎಂಟನೇ ವರ್ಷ,” ಎಂದಳು ಅಕ್ಕ. “ಹೇಳು. ನೀನು ಹೋದ್ಮೇಲೆ ಅಮ್ಮ ನನ್ನ ಕರೆಯೋವಾಗೆಲ್ಲ ಮೊದಲು ನಿನ್ನ ಹೆಸರೇ ಅವಳ ಬಾಯಿಗೆ ಬರ್ತಿತ್ತು.”

“ನಾನು ಹೋದ್ಮೇಲೆ,” ಅವಳು ನಿಧಾನವಾಗಿ ಹೇಳತೊಡಗಿದಳು, “ಅಮ್ಮ ನಿನ್ನ ಕರೆಯೋವಾಗೆಲ್ಲ, ಮೊದಲು ನನ್ನ ಹೆಸರೇ...” ಅಲ್ಲಿಗೆ ನಿಂತಿತು. ಅಕ್ಕ ಕಾದಳು. ಕಾಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಎಷ್ಟು ದಿನ?” ಅನೌನ್ಸರಮ್ಮ ಕೊನೆಗೆ ಕೇಳಿದಳು.

“ಕೊ... ಕೊನೇ ತನಕ. ಸರಿಮಾಡಿಕೊಳ್ಳೋಕೆ ಹೋಗೋಳು, ಮತ್ತೆ ಅದೇ ಬರೋದು.”

“ನೀನೇನ್ ಮಾಡ್ತಿದ್ದೆ?”

“ಏನ್ ಮಾಡ್ಲಿ?” ಎಂದಳು ಅಕ್ಕ. “ಓ ಅಂತಿದ್ದೆ. ಎ... ಎರಡು ಹೆಸರಿಗೂ ನಾನೇ ಓ ಅಂತಿದ್ದೆ.”